ಯಾವ ಅಧ್ಯಾಯ ತೆಗೆದಿದ್ದೀಯ?

ಜನವರಿ ೭

ಅಕ್ಕನಿಗೆ,

ಫೋನಿನಲ್ಲಿ ಹೇಳಬಹುದಿತ್ತು. ಆದರೆ ನಮ್ಮ ಮನೆಯ ಫೋನು ಇರುವುದು ಅಮ್ಮನ ಮಂಚದ ತಲೆದೆಸೆಯಲ್ಲಿ. ಅವಳ ವಿಷಯವನ್ನು ಅವಳ ಎದುರಿಗೇ ಮಾತಾಡಿದರೆ ಪ್ರತಿ ಮಾತಿಗೂ ತಿದ್ದುಪಡಿ ಬರುತ್ತದೆ. ಅದಲ್ಲದೆ ಇದು ಬಾಯಲ್ಲಿ ಹೇಳಿದರೆ ಹಗುರವಾಗಿಬಿಡುವ ಸುದ್ದಿ. ಅದಕ್ಕೇ ಬರೆಯುತ್ತಿದ್ದೇನೆ.

ಅಮ್ಮನ ಕಣ್ಣು ವಾಸಿಯಾಗಿದೆ.

ಇಲ್ಲಿ ಟಯರ್ ಅಂಗಡಿಯ ಮಹಡಿಯ ಮೇಲೆ ಒಂದು ಪ್ರಾರ್ಥನೆಯ ಕೂಟ ಶುರುವಾಗಿದೆ. ನಡೆಸುವವನು ಹಿಂದೆ ಬಸ್ ಕಂಡಕ್ಟರ್ ಆಗಿದ್ದನಂತೆ. ಎಲ್ಲರೂ ಈಗಲೂ ಕಂಡಕ್ಟರಣ್ಣ ಎಂದೇ ಕರೆಯುತ್ತಾರೆ. ಮೊದಲು ನಾನೂ ಗೇಲಿ ಮಾಡಿದೆ. "ಸ್ವರ್ಗಕ್ಕೆ ಟಿಕೆಟ್ ಹರೀತಾನೇನಮ್ಮ, ಚಿಲ್ಲರೆ ತಗೊಂಡು ಹೋಗು" ಅಂದೆ. ಪಕ್ಕದ ಮನೆಯ ಟೈಲರಮ್ಮ ಕರೆದುಕೊಂಡು ಹೋದಳು. ಅವನು ಅಮ್ಮನ ಕಣ್ಣಿನ ಮೇಲೆ ಕೈಯಿಟ್ಟು, ದೇವರು ತನಗೆ ತಿಳಿಸಿದ್ದಾನೆ, ಈ ಕಣ್ಣಿಗೆ ಇನ್ನು ಔಷಧಿ ಬೇಡ ಅಂದನಂತೆ. ಒಂದು ಕಾಸೂ ಮುಟ್ಟುವವನಲ್ಲ, ಅದನ್ನೂ ಹೇಳಿಬಿಡುತ್ತೇನೆ.

ಆ ಸಂಜೆ ನಾನು ಕೆಲಸದಿಂದ ಬಂದೆ. ಆಸ್ಪತ್ರೆಯ ಹಳೆಯ ಲಿಫ್ಟು ಎರಡು ಮಹಡಿಯ ಮಧ್ಯೆ ಸಿಕ್ಕಿಕೊಂಡಿತ್ತು, ಅದನ್ನು ರಿಪೇರಿ ಮಾಡಿ ಕೈಯೆಲ್ಲ ಗ್ರೀಸು. ಅಮ್ಮ ಅಡಿಗೆಮನೆಯ ಮೇಜಿನ ಮುಂದೆ ಕೂತಿದ್ದಳು. ಎದುರಿಗೆ ಅಪ್ಪನ ಸತ್ಯವೇದ, ಆ ಸಣ್ಣಕ್ಷರದ ಬೈಬಲು. ಕನ್ನಡಕ ಇಲ್ಲ, ಭೂತಗನ್ನಡಿ ಇಲ್ಲ. "ಕೂತ್ಕೋ, ಕೇಳು" ಅಂದಳು. ಕುರುಡನ ಕಣ್ಣಿಗೆ ಕೆಸರು ಹಚ್ಚಿ ಕೊಳಕ್ಕೆ ತೊಳೆಯಲು ಕಳಿಸುವ ಅಧ್ಯಾಯವನ್ನು ಮೊದಲಿನಿಂದ ಕೊನೆಯವರೆಗೆ ಓದಿದಳು. ಒಂದು ಅಕ್ಷರ ತಡವರಿಸಲಿಲ್ಲ.

ನನ್ನ ಹೆಂಡತಿಯನ್ನು ಮಣ್ಣು ಮಾಡಿ ಬಂದ ದಿನದಿಂದ ನಾನು ಯಾವ ಚರ್ಚಿನ ಮೆಟ್ಟಿಲೂ ಹತ್ತಿದವನಲ್ಲ. ನಿನಗೆ ಗೊತ್ತು. ಅವತ್ತು ಆ ಅಡಿಗೆಮನೆಯ ನೆಲದ ಮೇಲೆ, ಗ್ರೀಸು ಕೈಯಲ್ಲೇ, ಮೊಣಕಾಲೂರಿದೆ. ಯಾರೂ ಹೇಳಿರಲಿಲ್ಲ. ಕಾಲು ತಾನಾಗಿ ಮಡಚಿಕೊಂಡಿತು.

ಆಮೇಲಿನಿಂದ ಕಣ್ಣಿಗೆ ಹಾಕುವ ಔಷಧಿಯ ಸೀಸೆಯನ್ನು ಅವಳೇ ಕಪಾಟಿನ ಮೇಲಕ್ಕೆ ಎತ್ತಿಟ್ಟಿದ್ದಾಳೆ. ಪ್ರತಿ ಭಾನುವಾರ ಇಬ್ಬರೂ ಕೂಟಕ್ಕೆ ಹೋಗುತ್ತೇವೆ.

ನಿನ್ನ ತಮ್ಮ


ಜನವರಿ ೧೬

ತಮ್ಮನಿಗೆ,

ಕಾಗದವನ್ನು ಎರಡು ಸಲ ಓದಿದೆ. ನೀನು ಮೊಣಕಾಲೂರಿದ ವಿಷಯಕ್ಕೆ ನಾನು ಏನೂ ಹೇಳುವುದಿಲ್ಲ. ಸೀಸೆಯ ವಿಷಯಕ್ಕೆ ಹೇಳಬೇಕು.

ನನ್ನ ಕೆಲಸ ಏನೆಂದು ನೀನು ಯಾವತ್ತೂ ಸರಿಯಾಗಿ ಕೇಳಿದವನಲ್ಲ. ನಮ್ಮ ಕಣ್ಣಾಸ್ಪತ್ರೆಯ ಕತ್ತಲೆ ಕೋಣೆಯಲ್ಲಿ ಒಂದು ಬಟ್ಟಲಿನಂಥ ಯಂತ್ರವಿದೆ. ರೋಗಿ ಗದ್ದವನ್ನು ಅದರ ಅಂಚಿಗೆ ಊರಿ ನಡುವಿನ ಚುಕ್ಕಿಯನ್ನೇ ನೋಡುತ್ತಾ ಕೂರಬೇಕು. ಸುತ್ತ ಅಲ್ಲಿ ಇಲ್ಲಿ ಮಿಣುಕು ಬೆಳಕು ಬರುತ್ತದೆ. ಕಂಡರೆ ಕೈಯಲ್ಲಿರುವ ಗುಂಡಿಯನ್ನು ಒತ್ತಬೇಕು. ಎಲ್ಲಿ ಕಂಡಿತು, ಎಲ್ಲಿ ಕಾಣಲಿಲ್ಲ ಎಂಬುದರ ನಕ್ಷೆ ಹೊರಗೆ ಬರುತ್ತದೆ. ಅಮ್ಮನಿಗಿರುವುದು ಕಣ್ಣಿನೊಳಗಿನ ಒತ್ತಡದ ಕಾಯಿಲೆ. ಅದು ಅಂಚಿನಿಂದ ತಿನ್ನುತ್ತಾ ಬರುತ್ತದೆ, ಸದ್ದಿಲ್ಲದೆ. ಹೋದ ಜಾಗ ಕಪ್ಪಾಗಿಯೂ ಕಾಣುವುದಿಲ್ಲ. ಪಕ್ಕದಲ್ಲಿ ಕಾಣುವ ಗೋಡೆಯ ಬಣ್ಣವನ್ನೇ ಎಳೆದು ಮನಸ್ಸು ಅಲ್ಲಿಗೂ ಬಳಿದುಬಿಡುತ್ತದೆ. ನಡುವಿನ ನೋಟ ಹೋಗುವುದು ಕಟ್ಟಕಡೆಗೆ. ಹಾಗಾಗಿ ಅಮ್ಮ ಓದಿದಳು ಎಂಬುದರಿಂದ ಏನೂ ಸಾಬೀತಾಗುವುದಿಲ್ಲ. ಕನ್ನಡಕವಿಲ್ಲದೆ ಓದಿದ್ದಕ್ಕೂ ಕಾರಣವಿದೆ. ಪೊರೆ ಬಲಿಯುವಾಗ ಕೆಲವು ಮುದುಕರಿಗೆ ಹತ್ತಿರದ ಅಕ್ಷರ ಸ್ವಲ್ಪ ಕಾಲ ಸ್ಪಷ್ಟವಾಗುವುದುಂಟು.

ಔಷಧಿ ನಿಂತರೆ ಉಳಿದದ್ದೂ ಹೋಗುತ್ತದೆ. ಹೋದದ್ದು ಮರಳಿ ಬರುವುದಿಲ್ಲ. ದಯವಿಟ್ಟು ಇವತ್ತೇ ಸೀಸೆ ಇಳಿಸು.

ಅಕ್ಕ


ಜನವರಿ ೨೬

ಅಕ್ಕನಿಗೆ,

ನಿನ್ನ ಕಾಗದವನ್ನು ಅಮ್ಮನಿಗೆ ತೋರಿಸಲಿಲ್ಲ. ತೋರಿಸಿದ್ದರೆ ಕನ್ನಡಕವಿಲ್ಲದೆ ಓದಿ ನೊಂದುಕೊಳ್ಳುತ್ತಿದ್ದಳು.

ಪೊರೆ ಬಲಿಯುತ್ತದಂತೆ, ಮನಸ್ಸು ಬಣ್ಣ ಬಳಿಯುತ್ತದಂತೆ. ಯಾವುದಕ್ಕೂ ನಿನ್ನ ಹತ್ತಿರ ಒಂದು ಕಾರಣ ರೆಡಿ. ನನ್ನ ಹೆಂಡತಿ ಸತ್ತಾಗಲೂ ನೀನು ಕಾರಣ ಹೇಳಿದ್ದೆ, ಸರಿಯಾಗಿಯೇ ಹೇಳಿದ್ದೆ. ಅದರಿಂದ ನನಗೆ ಏನು ಸಿಕ್ಕಿತು ಅಂತ ಮಾತ್ರ ಕೇಳಲಿಲ್ಲ.

ಸೀಸೆ ಇಳಿಸುವುದು ಅಂದರೆ ದೇವರನ್ನು ಪರೀಕ್ಷಿಸಿದಂತೆ, ಹಾಗೆ ಮಾಡಬಾರದೆಂದು ವೇದದಲ್ಲೇ ಇದೆ ಅಂತ ಕಂಡಕ್ಟರಣ್ಣ ಹೇಳಿದ. ಹುಡುಕಿ ನೋಡಿದೆ. ಇದೆ. ಸೈತಾನ ಸ್ವಾಮಿಯನ್ನು ಗೋಪುರದ ತುದಿಗೆ ಕರೆದೊಯ್ದು ಧುಮುಕು ಅಂದಾಗ ಸ್ವಾಮಿ ಕೊಟ್ಟ ಉತ್ತರವೇ ಅದು. ನಿನ್ನ ಬಟ್ಟಲು ಯಂತ್ರದ ಮಾತು ನನಗೆ ಬೇಡ. ಮಾತಾಡುವುದಿದ್ದರೆ ವಾಕ್ಯ ತೋರಿಸಿ ಮಾತಾಡು.

ತಮ್ಮ


ಫೆಬ್ರವರಿ ೫

ತಮ್ಮನಿಗೆ,

ಒಪ್ಪಿದೆ.

ನನ್ನ ಸತ್ಯವೇದ ಎಲ್ಲಿದೆ ಎಂದು ನನಗೇ ನೆನಪಿರಲಿಲ್ಲ. ಬಟ್ಟೆ ಕಪಾಟಿನ ಒಂದು ಕಾಲು ಗಿಡ್ಡ, ಅದರ ಕೆಳಗೆ ಸಿಕ್ಕಿತು. ಈಗ ಕಪಾಟು ಅಲುಗಾಡುತ್ತದೆ. ಕೆಲಸ ಮುಗಿಸಿ ಬಂದು ಕಿಟಕಿಯ ಬೆಳಕಿರುವಷ್ಟು ಹೊತ್ತು ಓದುತ್ತಿದ್ದೇನೆ. ನಿನ್ನನ್ನು ಸೋಲಿಸಬೇಕೆಂದು ಶುರುಮಾಡಿದೆ, ಸುಳ್ಳೇಕೆ ಹೇಳಲಿ. ಈಗ ಬೇರೆ ಏನೋ ಆಗುತ್ತಿದೆ.

ಧರ್ಮೋಪದೇಶಕಾಂಡ ತೆಗೆದು ನೋಡು. ಒಬ್ಬ ಪ್ರವಾದಿ ಬಂದು ಗುರುತು ತೋರಿಸುತ್ತಾನೆ, ಆ ಗುರುತು ನಡೆದೂ ಬಿಡುತ್ತದೆ. ಅಷ್ಟಕ್ಕೇ ಅವನನ್ನು ನಂಬಬೇಡ ಎನ್ನುತ್ತದೆ ಪುಸ್ತಕ. ನಡೆಯದಿದ್ದರೆ ನಂಬಬೇಡ ಅಂದಿದ್ದರೆ ಅದರಲ್ಲೇನು, ನನ್ನ ಮೇಲಧಿಕಾರಿಯೂ ಹಾಗೆ ಹೇಳುತ್ತಾನೆ. ನಡೆದರೂ ಅನ್ನುತ್ತದೆ. ಇನ್ನೊಂದು ಕಡೆ, ಸ್ವಾಮಿಯೇ ಕಳಿಸಿದ ಅಪೊಸ್ತಲ ಊರಿಗೆ ಬಂದು ಬೋಧಿಸಿದರೆ ಆ ಊರಿನವರು ದಿನಾ ವೇದ ಬಿಚ್ಚಿ, ಇವನು ಹೇಳಿದ್ದು ಹೌದೋ ಅಲ್ಲವೋ ಎಂದು ತಾಳೆ ನೋಡುತ್ತಾರೆ. ಅದಕ್ಕೆ ಅವರಿಗೆ ಬೈಗುಳವಿಲ್ಲ, ಹೊಗಳಿಕೆ. ಮತ್ತೊಂದು ಕಡೆ, ಬಂದ ಆತ್ಮಗಳನ್ನೆಲ್ಲ ನಂಬದೆ ಪರೀಕ್ಷೆ ಮಾಡಿರಿ ಎಂಬ ಮಾತು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ನಮ್ಮ ಅಜ್ಜಿ ಹೇಳುತ್ತಿದ್ದಳಲ್ಲ, ಅದನ್ನು ನಾನು ಸಂತೆಯ ಬುದ್ಧಿ ಅಂದುಕೊಂಡಿದ್ದೆ.

ಇಷ್ಟೊಂದು ಅನುಮಾನವನ್ನು ತನ್ನೊಳಗೇ ಇಟ್ಟುಕೊಂಡ ಪುಸ್ತಕ ಇದು. ತನ್ನ ಪ್ರವಾದಿಗಳನ್ನೇ ಸುಲಭಕ್ಕೆ ನಂಬುವುದಿಲ್ಲ. ನನಗೆ ಯಾಕೋ ಇದರ ಮುಂದೆ ತಲೆ ತಗ್ಗಿಸಬೇಕು ಅನ್ನಿಸಿತು.

ಗೋಪುರದ ಮಾತು ಬೇರೆ. ಅಲ್ಲಿ ಧುಮುಕು ಅಂದದ್ದು. ನೀನು ವರ್ಷಕ್ಕೊಮ್ಮೆ ಲಿಫ್ಟಿಗೆ ಮರಳುಚೀಲ ತುಂಬಿ ಬ್ರೇಕು ಹಿಡಿಯುತ್ತದೋ ಎಂದು ನೋಡುತ್ತೀಯ. ಅದು ಲಿಫ್ಟಿಗೆ ಮಾಡಿದ ಅವಮಾನವೇ? ನೋಡದೆ ಜನರನ್ನು ಹತ್ತಿಸುವುದು ಧುಮುಕಿದಂತೆ.

ಅಮ್ಮ ಹೇಗೆ ಓದುತ್ತಾಳೆ? ಸ್ವಲ್ಪ ವಿವರವಾಗಿ ಬರಿ.

ಅಕ್ಕ


ಫೆಬ್ರವರಿ ೧೫

ಅಕ್ಕನಿಗೆ,

ಕಪಾಟಿನ ಕೆಳಗೆ ರಟ್ಟು ಮಡಿಸಿ ಇಡು.

ಲಿಫ್ಟಿನ ಮಾತು ನಾಟಿತು, ಒಪ್ಪಿಕೊಳ್ಳುತ್ತೇನೆ. ಆದರೆ ಬ್ರೇಕು ಹಿಡಿದಿದೆ ಅಕ್ಕ, ಅದೇ ನಾನು ಹೇಳುತ್ತಿರುವುದು. ದಿನಾ ಹಿಡಿಯುತ್ತಿದೆ.

ಊಟವಾದ ಮೇಲೆ ಈಗ ನಮ್ಮ ಮನೆಯಲ್ಲೇ ಜನ ಸೇರುತ್ತಾರೆ. ಟೈಲರಮ್ಮ, ಅವಳ ಗಂಡ, ಎದುರುಮನೆಯ ನರ್ಸು, ಒಮ್ಮೊಮ್ಮೆ ಕಂಡಕ್ಟರಣ್ಣನೂ. ಪುಸ್ತಕ ನಾನೇ ಬಿಚ್ಚಿ ಕೊಡುತ್ತೇನೆ, ಎಲ್ಲಿ ಬೇಕೋ ಅಲ್ಲಿ. ಅಮ್ಮ "ಯಾವ ಅಧ್ಯಾಯ ತೆಗೆದಿದ್ದೀಯ?" ಎಂದು ಕೇಳುತ್ತಾಳೆ. ಹೇಳುತ್ತೇನೆ. ತೊಡೆಯ ಮೇಲೆ ಇಟ್ಟುಕೊಂಡು, ಬೆರಳನ್ನು ಪುಟದ ಮೇಲೆ ಆಡಿಸುತ್ತಾ ಓದುತ್ತಾಳೆ. ನರ್ಸು ಮೊನ್ನೆ, "ಇಷ್ಟು ಮಂದ ಬೆಳಕಲ್ಲಿ ನನಗೇ ಕಾಣಲ್ಲ ಕಣಮ್ಮ" ಅಂದಳು. ಅಮ್ಮ, "ನಿನಗೆ ವಯಸ್ಸಾಯ್ತು" ಅಂದಳು. ಎಲ್ಲರೂ ನಕ್ಕರು.

ಇತ್ತೀಚೆಗೆ ಅವಳಿಗೆ ನನ್ನ ಮೇಲೆ ಪ್ರೀತಿಯೂ ಹೆಚ್ಚಾಗಿದೆ. ಬೀದಿಗೆ ಬಂದರೆ ನನ್ನ ತೋಳು ಬಿಡುವುದಿಲ್ಲ. ಚಿಕ್ಕಂದಿನಲ್ಲಿ ನಾವು ಅವಳ ಸೆರಗು ಹಿಡಿದು ನಡೆಯುತ್ತಿದ್ದೆವಲ್ಲ, ಹಾಗೆ. ಸ್ವಲ್ಪ ಮರೆವು ಮಾತ್ರ ಬಂದಿದೆ. ಕಪಾಟಿನ ಬಾಗಿಲು ತೆರೆದದ್ದು ಮರೆತು ಹಣೆ ಬಡಿದುಕೊಂಡಳು. ಲೋಟವನ್ನು ಮೇಜಿನ ಅಂಚು ದಾಟಿಸಿ ಇಟ್ಟಳು, ಒಡೆಯಿತು.

ನನಗೆ ಅರ್ಥವಾಗದ್ದು ಒಂದೇ. ಒಂದು ಕಾಲದಲ್ಲಿ ಆ ಅಧ್ಯಾಯಗಳನ್ನು ಕೇಳಿದರೆ ನಿದ್ದೆ ಬರುತ್ತಿತ್ತು. ಈಗ ಮೈ ಜುಮ್ಮೆನ್ನುತ್ತದೆ. ಕೆಲಸಕ್ಕೆ ಹೋದಾಗ ಲಿಫ್ಟು ಓಡಾಡುವ ಬಾವಿಯೊಳಗೆ ತಲೆಯಿಟ್ಟು ಮೇಲೆ ನೋಡುತ್ತೇನೆ. ಮೊದಲು ಅಲ್ಲಿ ಹಗ್ಗ, ರಾಟೆ ಮಾತ್ರ ಕಾಣುತ್ತಿತ್ತು.

ತಮ್ಮ


ಫೆಬ್ರವರಿ ೨೩

ತಮ್ಮನಿಗೆ,

ಕೂತು ಓದು.

ನಾನು ಪೊರೆಯ ಬಗ್ಗೆ ಬರೆದದ್ದು ತಪ್ಪು. ಎಷ್ಟು ಓದಿಕೊಂಡಿದ್ದರೇನು, ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂತವಳಿಗೂ ಮೂಗಿನ ಕೆಳಗಿನದು ಕಾಣಲಿಲ್ಲ.

ಮೂವತ್ತು ವರ್ಷ ಅಮ್ಮ ಭಾನುವಾರದ ಶಾಲೆಯಲ್ಲಿ ಮಕ್ಕಳಿಗೆ ಪಾಠ ಹೇಳಿದಳು. ಪಾತ್ರೆ ಉಜ್ಜುತ್ತಾ ಅಧ್ಯಾಯ ಒಪ್ಪಿಸುತ್ತಿದ್ದಳು, ಅಪ್ಪ ಪುಸ್ತಕ ಹಿಡಿದು ತಪ್ಪು ಹುಡುಕುತ್ತಿದ್ದ. ತಪ್ಪು ಸಿಕ್ಕಿದರೆ ಆ ದಿನ ಕಾಫಿ ಅಪ್ಪನಿಗೆ ಮೊದಲು. ಅವನು ಸದಾ ಎರಡನೆಯವನಾಗಿ ಕುಡಿದ. ನಿನಗೆ ನೆನಪಿಲ್ಲವೇ? ನನಗೂ ನಿನ್ನ ಕಾಗದ ಬರುವವರೆಗೆ ನೆನಪಾಗಲಿಲ್ಲ.

ಯಾವ ಅಧ್ಯಾಯ ಎಂದು ಅವಳು ಯಾಕೆ ಕೇಳುತ್ತಾಳೆ? ಪುಟದ ನೆತ್ತಿಯ ಮೇಲೆ ದಪ್ಪ ಅಕ್ಷರದಲ್ಲಿ ಅಚ್ಚಾಗಿರುತ್ತದೆ.

ಅವಳು ಓದುತ್ತಿಲ್ಲ. ಒಪ್ಪಿಸುತ್ತಿದ್ದಾಳೆ. ಜಗತ್ತಿನ ಬೇರೆ ಯಾವ ಮನೆಯಲ್ಲೂ ಈ ತಪ್ಪು ಆಗುತ್ತಿರಲಿಲ್ಲ. ಬೇರೆಯವರಾದರೆ ಪೇಪರು ಕೊಡುತ್ತಿದ್ದರು, ಸೋಪಿನ ಪೊಟ್ಟಣ ಕೊಡುತ್ತಿದ್ದರು. ನಮ್ಮಮ್ಮನ ಕಣ್ಣನ್ನು ಪರೀಕ್ಷಿಸಲು ನಾವು ಅವಳ ನಾಲಿಗೆಯ ಮೇಲಿರುವ ಏಕೈಕ ಪುಸ್ತಕವನ್ನೇ ಕೊಟ್ಟೆವು. ತೋಳು ಹಿಡಿದದ್ದು ಪ್ರೀತಿಯೇ ಇರಬಹುದು. ಆದರೆ ಬಾಗಿಲು, ಲೋಟ, ಅದು ಮರೆವಲ್ಲ.

ಒಂದು ಕಡೆ ಬಿಚ್ಚಿ ಇನ್ನೊಂದು ಅಧ್ಯಾಯದ ಹೆಸರು ಹೇಳು ಎಂದು ಬರೆಯಹೊರಟೆ. ಕೈ ನಿಂತಿತು. ಸುಳ್ಳನ್ನು ಹಿಡಿಯಲು ಆ ಪುಸ್ತಕವನ್ನೇ ಇಟ್ಟು ಸುಳ್ಳು ಹೇಳುವುದು ನನಗೆ ಬೇಡವೆನಿಸಿತು, ಹಿಂದಿನ ತಿಂಗಳಾದರೆ ಅನಿಸುತ್ತಿರಲಿಲ್ಲ. ಇದರೊಂದಿಗೆ ಬೇರೆ ಹಾಳೆಯಲ್ಲಿ ದೊಡ್ಡಕ್ಷರದಲ್ಲಿ ಅಮ್ಮನಿಗೆ ನಾಲ್ಕು ಸಾಲು ಬರೆದಿದ್ದೇನೆ. ಅವಳ ಕೈಗೆ ಕೊಡು. ಓದಿದರೆ ನಾನು ಸುಮ್ಮನಾಗುತ್ತೇನೆ. ಓದದಿದ್ದರೆ ಸೀಸೆ.

ಅಕ್ಕ


ಮಾರ್ಚ್ ೨೧

ತಮ್ಮನಿಗೆ,

ನನ್ನ ಕಾಗದ ತಲುಪಿತೇ? ಫೋನು ಮಾಡಿದರೆ ಅಮ್ಮನೇ ಎತ್ತುತ್ತಾಳೆ. "ಅವನಾ, ಕೆಲಸಕ್ಕೆ ಹೋಗಿದ್ದಾನೆ, ಚೆನ್ನಾಗಿದ್ದಾನೆ, ನಾನೂ ಚೆನ್ನಾಗಿದ್ದೀನಿ" ಅನ್ನುತ್ತಾಳೆ. ಭಾನುವಾರವೂ ಕೆಲಸವೇ?

ಔಷಧಿಯಿಲ್ಲದೆ ಹೋಗುವ ಒಂದೊಂದು ವಾರವೂ ಅವಳ ಕಣ್ಣಿನದು. ನನ್ನ ಮೇಲೆ ಸಿಟ್ಟಿದ್ದರೆ ಆಮೇಲೆ ಜಗಳವಾಡೋಣ.

ಅಕ್ಕ


ಏಪ್ರಿಲ್ ೩

ಅಕ್ಕನಿಗೆ,

ನಿನ್ನ ಹಾಳೆಯನ್ನು ಅಮ್ಮನಿಗೆ ಕೊಡಲಿಲ್ಲ. ಕೊಡುವ ಧೈರ್ಯ ಬರಲಿಲ್ಲ. ನೀನು ಬೇಡವೆಂದು ಬಿಟ್ಟದ್ದನ್ನು ಮಾಡಿದೆ. ಒಂದು ಸಂಜೆ ವಂಶಾವಳಿಯ ಪುಟ ಬಿಚ್ಚಿ, ಕೀರ್ತನೆ ತೆಗೆದಿದ್ದೇನೆ ಅಂದೆ. ಆ ಹೆಸರುಗಳ ಸಾಲಿನ ಮೇಲೆ ಬೆರಳಾಡಿಸುತ್ತಾ ಅವಳು ಕುರುಬನ ಕೀರ್ತನೆ ಓದಿದಳು, ಎಷ್ಟು ಇಂಪಾಗಿ ಅಂದರೆ ಟೈಲರಮ್ಮ ಕಣ್ಣೊರೆಸಿಕೊಂಡಳು. ನನಗೆ ಗೊತ್ತಾಯಿತು. ಸುಮ್ಮನಿದ್ದೆ.

ಯಾಕೆ ಸುಮ್ಮನಿದ್ದೆ ಅಂದರೆ, ಅದನ್ನು ಒಪ್ಪಿದರೆ ಮತ್ತೆ ಲಿಫ್ಟಿನ ಬಾವಿಯಲ್ಲಿ ಹಗ್ಗ, ರಾಟೆ ಮಾತ್ರ ಉಳಿಯುತ್ತದೆ. ನಿನ್ನ ಮೇಲೆ ಬಂದ ಸಿಟ್ಟನ್ನು ಬರೆದರೆ ಹಾಳೆ ಸಾಲದು. ಕೂಟಕ್ಕೆ ಹೋಗುತ್ತಲೇ ಇದ್ದೆ. ಜನರೂ ಹೆಚ್ಚುತ್ತಿದ್ದರು. ಸಕ್ಕರೆ ಕಾಯಿಲೆಯ ಒಬ್ಬ ಮುದುಕ ಅಮ್ಮನ ಕಥೆ ಕೇಳಿ ತನ್ನ ಚುಚ್ಚುಮದ್ದು ನಿಲ್ಲಿಸುತ್ತೇನೆ ಅಂದ.

ಅವತ್ತಿನಿಂದ, ಸುಳ್ಳು ಹೇಳಿದವರ ಕಥೆ ಏನಾಯಿತು ಎಂದು ನಾನೇ ವೇದದಲ್ಲಿ ಹುಡುಕತೊಡಗಿದೆ. ಅರಸುಗಳ ಪುಸ್ತಕದಲ್ಲಿ ಒಂದು ಸಿಕ್ಕಿತು. ದೇವರ ಮನುಷ್ಯನೊಬ್ಬನಿಗೆ, ಆ ಊರಿನಲ್ಲಿ ಉಣ್ಣಬೇಡ, ಹೋದ ದಾರಿಯಲ್ಲಿ ಮರಳಬೇಡ ಎಂದು ಅಪ್ಪಣೆಯಾಗಿರುತ್ತದೆ. ಊರಿನ ಮುದಿ ಪ್ರವಾದಿ ಹಿಂದೆ ಹೋಗಿ, ನಾನೂ ನಿನ್ನಂಥ ಪ್ರವಾದಿಯೇ, ನಿನ್ನನ್ನು ಊಟಕ್ಕೆ ಕರೆತರಲು ದೇವದೂತನು ನನಗೆ ಹೇಳಿದ್ದಾನೆ ಅನ್ನುತ್ತಾನೆ. ಸುಳ್ಳು. ಯಾಕೆ ಹೇಳಿದ ಎಂದು ಪುಸ್ತಕ ಹೇಳುವುದೇ ಇಲ್ಲ. ದೇವರ ಮನುಷ್ಯ ನಂಬಿ ಹೋಗಿ ಉಣ್ಣುತ್ತಾನೆ. ಅದೇ ಊಟದ ಮೇಜಿನ ಮುಂದೆ, ಆ ಸುಳ್ಳು ಬಾಯಿಂದಲೇ ನಿಜವಾದ ದೇವರ ಮಾತು ಹೊರಡುತ್ತದೆ: ನಿನಗೆ ನಿನ್ನ ಹಿರಿಯರ ಸಮಾಧಿ ಸಿಗದು ಎಂದು. ಮರಳುವ ದಾರಿಯಲ್ಲಿ ಸಿಂಹ ಆ ದೇವರ ಮನುಷ್ಯನನ್ನು ಕೊಲ್ಲುತ್ತದೆ. ತಿನ್ನುವುದಿಲ್ಲ. ಹೆಣದ ಪಕ್ಕದಲ್ಲಿ ಸಿಂಹ, ಅವನು ಏರಿದ್ದ ಕತ್ತೆ ಎರಡೂ ನಿಂತಿರುತ್ತವೆ. ನಾನು ಆ ಪುಟವನ್ನು ಎಷ್ಟು ಸಲ ಓದಿದೆನೋ. ಸಿಂಹ, ಕತ್ತೆ, ನಡುವೆ ಹೆಣ.

ಕಳೆದ ಶುಕ್ರವಾರ ಸಂಜೆ ಆ ಪುಟವನ್ನೇ ಬಿಚ್ಚಿದೆ. ಈ ಸಲ ಮೋಸವಿಲ್ಲ. ಅಮ್ಮ ಎಂದಿನಂತೆ "ಯಾವ ಅಧ್ಯಾಯ?" ಅಂದಳು. ಹೇಳಿದೆ. ಅವಳ ಮುಖ ನನ್ನ ಕಡೆ ತಿರುಗಿತು, ಸ್ವಲ್ಪ ಪಕ್ಕಕ್ಕೆ, ನನ್ನ ಕಿವಿಯ ಕಡೆಗೆ. "ಅದೇ ಯಾಕೋ?" ಅಂದಳು. "ಓದಮ್ಮ" ಅಂದೆ. ಕಂಡಕ್ಟರಣ್ಣ ಗೋಡೆಗೊರಗಿ ಕೂತಿದ್ದ. ಸಕ್ಕರೆ ಕಾಯಿಲೆಯ ಮುದುಕನೂ ಇದ್ದ.

ಓದುತ್ತಾ ಹೋದಳು. ದೂತನು ಹೇಳಿದ್ದಾನೆ ಎಂಬಲ್ಲಿಗೆ ಬಂದಳು. ಮುಂದಿನ ಮಾತು, ಅವನು ಸುಳ್ಳಾಡಿದನು ಎಂಬುದು. ಅದು ಬರಲಿಲ್ಲ. ಬಾಯಿ ತೆರೆದೇ ಇತ್ತು. ಆ ಸಾಲನ್ನು ಹಾರಿಸಿ ಮುಂದೆ ಹೋಗಬಹುದಿತ್ತು, ಅಲ್ಲಿ ನನ್ನ ಬಿಟ್ಟು ಯಾರಿಗೂ ಗೊತ್ತಾಗುತ್ತಿರಲಿಲ್ಲ. ವೇದದ ಒಂದು ಮಾತನ್ನು ಬಿಡುವುದು ಅವಳ ಕೈಲಿ ಆಗುವ ಕೆಲಸವಲ್ಲ. ಹೇಳಲೂ ಆಗುತ್ತಿಲ್ಲ. ಅಕ್ಕ, ಸಿಂಹ ಬಂದು ಕೋಣೆಯಲ್ಲಿ ನಿಂತ ಹಾಗಿತ್ತು.

ಆಮೇಲೆ ಅವಳು ಪುಸ್ತಕ ಮುಚ್ಚಿದಳು. ಕಣ್ಣನ್ನೂ ಮುಚ್ಚಿದಳು. ಆ ಮಾತನ್ನು ಹೇಳಿದಳು. ಕಣ್ಣು ಮುಚ್ಚಿಕೊಂಡೇ ಅಧ್ಯಾಯವನ್ನು ಕೊನೆಯವರೆಗೆ ಹೇಳಿದಳು, ಊಟ, ಸಿಂಹ, ಕತ್ತೆ, ಮುದುಕ ಬಂದು ಹೆಣ ಹೊತ್ತೊಯ್ದು ತನ್ನ ಸಮಾಧಿಯಲ್ಲೇ ಇಟ್ಟು ಅಯ್ಯೋ ತಮ್ಮಾ ಎಂದು ಅತ್ತದ್ದು. ಮುಗಿದ ಮೇಲೆ, "ನೋಡಿದ್ರಲ್ಲ. ಇಷ್ಟು ದಿನ ಓದಿದ್ದೂ ಹೀಗೇನೆ" ಅಂದಳು.

"ಯಾಕಮ್ಮ?" ಅಂತ ಕೇಳಿದವಳು ಟೈಲರಮ್ಮ.

"ಮೊದಲ ದಿನ ನಂಗೇ ಗೊತ್ತಾಗ್ಲಿಲ್ಲ ಕಣೆ, ಕಣ್ಣು ಓದ್ತಿದೆಯೋ ಬಾಯಿ ಓದ್ತಿದೆಯೋ. ಕಾಣ್ತಿದೆ ಅಂತಲೇ ಅನ್ನಿಸ್ತು. ಮುಗಿಸೋ ಹೊತ್ತಿಗೆ ಇವನು ನೆಲದ ಮೇಲಿದ್ದ. ಹೆಂಡತಿ ಹೋದ ಮೇಲೆ ಕಲ್ಲಾಗಿದ್ದವನು. ಎದ್ದೇಳು, ಇದು ಸುಳ್ಳು ಅನ್ನೋಕೆ ನಾಲಿಗೆ ಹೊರಳಲಿಲ್ಲ."

ಕಂಡಕ್ಟರಣ್ಣ ತನ್ನ ಅಂಗೈ ನೋಡಿಕೊಂಡು, "ನನಗೆ ಅನ್ನಿಸಿದ್ದನ್ನ ದೇವರು ಹೇಳಿದ ಅಂದುಬಿಟ್ಟೆ ಅಮ್ಮ. ಔಷಧಿ ಎಲ್ಲಿದೆ?" ಅಂದ. ತಾನೇ ಸ್ಟೂಲು ಹತ್ತಿ ಇಳಿಸಿದ. ನರ್ಸು ಅದನ್ನು ತಿರುಗಿಸಿ ನೋಡಿ, ಅವಧಿ ಮುಗಿದಿದೆ ಅಂತ ಹೊಸದನ್ನು ತರಲು ಓಡಿದಳು. ಮುದುಕ ಎದ್ದು, "ನಂದೂ ಹೊತ್ತಾಯ್ತು, ಚುಚ್ಚಿಸ್ಕೋಬೇಕು" ಅಂತ ಮನೆಗೆ ಹೋದ.

ಸೋಮವಾರ ಅಮ್ಮನನ್ನು ಕರೆದುಕೊಂಡು ನಿನ್ನಲ್ಲಿಗೆ ಬರುತ್ತೇನೆ. ನಾನು ಮೊಣಕಾಲೂರಿದ್ದು ಒಂದು ಸುಳ್ಳಿನ ಮುಂದೆ. ಆದರೆ ಮೊಣಕಾಲಿಗೆ ಅದು ಗೊತ್ತಿರಲಿಲ್ಲ. ಇದನ್ನು ಏನು ಮಾಡಬೇಕೋ ತಿಳಿಯುತ್ತಿಲ್ಲ.

ತಮ್ಮ


ಏಪ್ರಿಲ್ ೧೯

ತಮ್ಮನಿಗೆ,

ನೀವು ಹತ್ತಿದ ರೈಲು ಹೋದ ಮೇಲೆ ಆಸ್ಪತ್ರೆಗೇ ಮರಳಿ ಬಂದು ಬರೆಯುತ್ತಿದ್ದೇನೆ. ನಕ್ಷೆಯ ಫಲವನ್ನು ವೈದ್ಯರು ನಿನಗೆ ಹೇಳಿದ್ದಾರೆ. ಎಡಗಣ್ಣು ಹೋಗಿದೆ. ಬಲಗಣ್ಣಿನಲ್ಲಿ ನಡುವೆ ಒಂದು ಸಣ್ಣ ದ್ವೀಪ ಉಳಿದಿದೆ, ಅದೂ ಮಂಜು. ಔಷಧಿ ತಪ್ಪದಿದ್ದರೆ ಅದು ಉಳಿಯಬಹುದು. ನಾನು ಬರೆಯಬೇಕೆಂದದ್ದು ಇನ್ನೊಂದು. ನಿನ್ನನ್ನು ಹೊರಗೆ ಕೂರಿಸಿದ್ದೆನಲ್ಲ, ಆಗ ನಡೆದದ್ದು.

ಅಮ್ಮ ಗದ್ದ ಊರಿ ಕೂತಳು. "ಇದೇನೇ, ಫೋಟೋ ತೆಗೀತೀಯಾ?" ಅಂದಳು. ಬೆಳಕು ಕಂಡರೆ ಮಾತ್ರ ಒತ್ತು ಎಂದೆ. ನಮ್ಮ ಯಂತ್ರಕ್ಕೆ ಒಂದು ಬುದ್ಧಿಯಿದೆ. ನಡುನಡುವೆ ಅದು ಬೆಳಕು ಬಿಡುವ ಹಾಗೆ ಟಿಕ್ ಎಂದು ಸದ್ದು ಮಾಡುತ್ತದೆ, ಆದರೆ ಬಿಡುವುದಿಲ್ಲ. ರೋಗಿಯ ಮಾತನ್ನು ಎಷ್ಟು ನಂಬಬಹುದೆಂದು ತಿಳಿಯಲು. ಹೆಚ್ಚಿನವರು ಆ ಸದ್ದಿಗೆ ಒತ್ತಿಬಿಡುತ್ತಾರೆ. ಮೋಸದಿಂದಲ್ಲ, ಕಾಣಬೇಕು ಎಂಬ ಆಸೆಗೆ. ಬೆರಳಿಗೆ ಆಸೆ ಜಾಸ್ತಿ.

ಅಮ್ಮ ಒಂದು ಸಲವೂ ಒತ್ತಲಿಲ್ಲ. ಎಡಗಣ್ಣಿನ ಪಾಳಿಯಲ್ಲಿ ಇಡೀ ಹೊತ್ತು ಕತ್ತಲೆಯಲ್ಲಿ ಕೂತಿದ್ದಳು. ಟಿಕ್, ಟಿಕ್ ಎನ್ನುತ್ತಿತ್ತು. ಬೆರಳು ಗುಂಡಿಯ ಮೇಲೆ ಸುಮ್ಮನಿತ್ತು. ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು. ನಾನು ಯಂತ್ರ ನಿಲ್ಲಿಸಲು ಹೋದೆ. "ಇರಲಿ ಬಿಡು, ಪೂರ್ತಿ ಆಗಲಿ" ಅಂದಳು.

ಈ ಕೋಣೆಯಲ್ಲಿ ಇಷ್ಟು ವರ್ಷ ಕೂತಿದ್ದೇನೆ. ಇಂಥ ಮೌನವನ್ನು ಕಂಡಿರಲಿಲ್ಲ. ಕಾಣುತ್ತಿಲ್ಲ ಎನ್ನುವುದನ್ನು ಒಬ್ಬರು ಅಷ್ಟು ಹೊತ್ತು, ಒಂದೊಂದು ಸದ್ದಿಗೂ, ಹೊಸದಾಗಿ ಒಪ್ಪಿಕೊಳ್ಳುತ್ತಾ ಕೂರುವುದು. ಆ ಪುಸ್ತಕದಲ್ಲಿ ನಾನು ಹುಡುಕುತ್ತಿದ್ದದ್ದು ಬಹುಶಃ ಇದೇ. ಯಾವ ವಾಕ್ಯವೆಂದು ಕೇಳಬೇಡ, ನನಗೆ ಗೊತ್ತಿಲ್ಲ.

ನಿನ್ನ ಮೊಣಕಾಲಿನ ಪ್ರಶ್ನೆಗೆ ಈ ಸಲ ಕಾರಣ ಹೇಳುವುದಿಲ್ಲ.

ಅಕ್ಕ


ಜೂನ್ ೧೧

ಅಕ್ಕನಿಗೆ,

ಟಯರ್ ಅಂಗಡಿಯ ಮೇಲೆ ಈಗ ಜನ ಕಡಿಮೆ. ಕಂಡಕ್ಟರಣ್ಣ ಎಲ್ಲರ ಮುಂದೆ ಎದ್ದು ನಿಂತು ತಾನು ಹೇಳಿದ್ದು ತಪ್ಪು, ನಿಮ್ಮ ನಿಮ್ಮ ಔಷಧಿ ನೀವು ತೆಗೆದುಕೊಳ್ಳಿ ಎಂದ ಮೇಲೆ ಅರ್ಧ ಕುರ್ಚಿ ಖಾಲಿಯಾದವು. ಒಬ್ಬ ಹೋಗುತ್ತಾ, "ಪವರ್ ಇಲ್ಲದ ಮೇಲೆ ಬಸ್ಸಿಗೇ ವಾಪಸ್ ಹೋಗಪ್ಪ" ಅಂದ. ಕಂಡಕ್ಟರಣ್ಣ ಹೋಗಲಿಲ್ಲ. ನನಗೆ ಒಂದು ಕೆಲಸ ಕೊಟ್ಟಿದ್ದಾನೆ. ಪಕ್ಕದಲ್ಲಿ ವೇದ ಬಿಚ್ಚಿಕೊಂಡು ಕೂರಬೇಕು, ಅವನು ಹೇಳಿದ್ದು ಅಲ್ಲಿ ಇಲ್ಲದಿದ್ದರೆ ಕೈ ಎತ್ತಬೇಕು. ನೀನು ಹೇಳಿದ ಆ ಊರಿನವರ ಹಾಗೆ. ಲಿಫ್ಟ್ ಇನ್‌ಸ್ಪೆಕ್ಟರನನ್ನು ಬೋಧನೆಗೂ ಹಾಕಿದರು ಅಂತ ಟೈಲರಮ್ಮನ ಗಂಡ ನಗುತ್ತಾನೆ.

ಕಳೆದ ಭಾನುವಾರ ಕಂಡಕ್ಟರಣ್ಣ ತುಂಬ ಹಿತವಾದ ಒಂದು ಮಾತು ಹೇಳಿದ. ಸತ್ತವರು ಮೇಲಿನಿಂದ ನಮ್ಮನ್ನು ದಿನಾ ನೋಡುತ್ತಿರುತ್ತಾರೆ ಎಂದು. ನಾನು ಹುಡುಕಿದೆ. ಸಿಗಲಿ ಎಂದೇ ಹುಡುಕಿದೆ, ಅದು ಯಾರಿಗಾಗಿ ಎಂದು ನಿನಗೆ ಗೊತ್ತು. ಸಿಗಲಿಲ್ಲ. ಮುಂದಿನ ಸಾಲಿನಲ್ಲಿ ಕೂತಿದ್ದ ಅಮ್ಮನ ಹತ್ತಿರ ಬಗ್ಗಿ ಕೇಳಿದೆ. ಅವಳು ಕಣ್ಣು ಮುಚ್ಚಿ, ಮೊದಲ ಪುಸ್ತಕದಿಂದ ಕೊನೆಯವರೆಗೂ ಒಳಗೇ ನಡೆದುಹೋಗಿ ಬಂದವಳಂತೆ ಸ್ವಲ್ಪ ಹೊತ್ತು ಇದ್ದು, "ಇಲ್ಲ ಕಣೋ. ಹಾಗಂತ ಎಲ್ಲೂ ಇಲ್ಲ" ಅಂದಳು. ನಾನು ಕೈ ಎತ್ತಿದೆ. ಕೈ ಭಾರವಾಗಿತ್ತು. ಕಂಡಕ್ಟರಣ್ಣ ನಿಲ್ಲಿಸಿ, "ಹಾಗಾದರೆ ಅದು ನನ್ನ ಆಸೆ ಅಷ್ಟೇ" ಅಂದ. ಕೆಳಗೆ ಟಯರಿಗೆ ಗಾಳಿ ತುಂಬುವುದು ಕೇಳಿಸುತ್ತಿತ್ತು. ಒಂದು ಸಮಾಧಾನ ಕೈಬಿಟ್ಟು ಹೋಯಿತು. ಆದರೂ ನಾನು ಎದ್ದು ಹೋಗಲಿಲ್ಲ, ಹೋಗಬೇಕೆಂದೂ ಅನ್ನಿಸಲಿಲ್ಲ. ಇದಕ್ಕೆ ನಂಬಿಕೆ ಎನ್ನುತ್ತಾರೋ ಏನೋ.

ಸಂಜೆ ಔಷಧಿ ಹಾಕುವವನು ನಾನೇ. ನಿನ್ನೆ ಹಾಕಿ ಕಣ್ಣೊರೆಸಿದ ಮೇಲೆ, "ನಾನು ಕಾಣ್ತೀನಾಮ್ಮ?" ಅಂತ ಕೇಳಿದೆ.

"ಮೂಗಿಂದ ಬಾಯಿ ತನಕ" ಅಂದಳು.

ಇನ್ನಷ್ಟು ಹತ್ತಿರ ಬಗ್ಗಿದೆ.

"ಮುಂದೆ ಬಂದ್ರೆ ಕಮ್ಮಿ ಆಗ್ತೀಯ. ಹಿಂದೆ ಹೋಗು."

ಹಿಂದೆ ಸರಿದೆ. ಕಣ್ಣು ಬಂತು ಅಂದಳು. ಮತ್ತೆ ಸರಿದೆ. ಹಣೆ, ಹೆಗಲು. ಮೇಜು ದಾಟಿ, ಬಾಗಿಲು ದಾಟಿ, ಮುಂದಿನ ಕೋಣೆಯ ಗೋಡೆಗೆ ಬೆನ್ನು ತಾಗುವವರೆಗೆ ಒಂದೊಂದೇ ಹೆಜ್ಜೆ ಹಿಂದೆ ಹೋದೆ. ಅವಳು ಅಡಿಗೆಮನೆಯ ಕುರ್ಚಿಯ ಮೇಲೆ, ತನಗೆ ಉಳಿದಿರುವ ಅಷ್ಟರಲ್ಲೇ ನನ್ನನ್ನು ಹುಡುಕುತ್ತಿದ್ದಳು. ಕಂಡಷ್ಟೇ ಹೇಳುತ್ತಿದ್ದಳು.

"ಈಗ ಪೂರ್ತಿ ಇದ್ದೀಯ" ಅಂದಳು. "ಅಲ್ಲೇ ನಿಂತ್ಕೋ ಸ್ವಲ್ಪ."

ನಿಂತೆ.

ತಮ್ಮ